ಢಾಕಾದ ತರಗತಿಯಿಂದ ಶಬ್ದಪಟ್ಟಿಯವರೆಗೆ: ಮೈಕೆಲ್ ವೆಸ್ಟ್ ಅವರ ಭಾಷಾಬೋಧನಾ ಚಿಂತನೆ

ಎರಡನೆಯ ಭಾಷೆಯನ್ನು ಕಲಿಸುವ ವಿಧಾನಗಳ ಕುರಿತು ಇಪ್ಪತ್ತನೆಯ ಶತಮಾನದಲ್ಲಿ ನಡೆದ ಚಿಂತನೆಯ ಬಹುಪಾಲು ಇಂಗ್ಲಿಷಿಗೆ ಸಂಬಂಧಿಸಿದ್ದು. ಆ ಚಿಂತನೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿ ಅಲ್ಲಿಂದ ಉಳಿದ ದೇಶಗಳಿಗೆ ಹರಿದುಬಂದಿತೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅದರ ಎರಡು ಮುಖ್ಯ ಧಾರೆಗಳು ಏಷ್ಯಾದ ತರಗತಿಗಳಲ್ಲಿಯೇ ರೂಪುಗೊಂಡವು. ಒಂದು, 1922ರಿಂದ 1936ರವರೆಗೆ ಜಪಾನಿನಲ್ಲಿ ಕೆಲಸ ಮಾಡಿದ ಹೆರಾಲ್ಡ್ ಪಾಮರ್ ಅವರದು. ಇನ್ನೊಂದು, ಅದೇ ಕಾಲದಲ್ಲಿ ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್ ಅವರದು. ಪಾಮರ್ ಅವರಿಗೆ ಮಾತು ಮೊದಲು, ವೆಸ್ಟ್ ಅವರಿಗೆ ಓದು ಮೊದಲು. ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಇವರಿಬ್ಬರಲ್ಲಿ ವೆಸ್ಟ್ ಹೆಚ್ಚು ಹತ್ತಿರದವರು. ಇದಕ್ಕೆ ಅವರು ಭಾರತದಲ್ಲಿದ್ದರೆಂಬುದಷ್ಟೇ ಕಾರಣವಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ, ಓದನ್ನು ನಡುವಿನಲ್ಲಿಯೇ ಬಿಟ್ಟುಹೋಗುವ, ಕಿಕ್ಕಿರಿದ ಬೆಂಚಿನ ಮೇಲೆ ಕುಳಿತ ಮಗುವನ್ನು ಕಣ್ಣೆದುರಿಗೆ ಇಟ್ಟುಕೊಂಡು ಯೋಚಿಸಿದ ಮೊದಲಿಗರಲ್ಲಿ ಅವರೊಬ್ಬರು.

ವೆಸ್ಟ್ ಹುಟ್ಟಿದ್ದು 1888ರಲ್ಲಿ. ಆಕ್ಸ್‌ಫರ್ಡಿನಲ್ಲಿ ಶಿಕ್ಷಣ ಮುಗಿಸಿ ಭಾರತೀಯ ಶಿಕ್ಷಣ ಸೇವೆಗೆ ಸೇರಿ ಬಂಗಾಳಕ್ಕೆ ಬಂದರು. 1930ರ ದಶಕದ ಆರಂಭದಲ್ಲಿ ನಿವೃತ್ತರಾಗಿ ಹೊರಡುವವರೆಗೂ ಅವರ ಕೆಲಸವೆಲ್ಲ ಅಲ್ಲಿಯದೇ. ಅನಂತರ ಕೆಲಕಾಲ ಕೆನಡಾದ ಟೊರಾಂಟೊದಲ್ಲಿ ಸಂಶೋಧನೆ ನಡೆಸಿದರು, ಲಂಡನ್ನಿನಲ್ಲಿಯೂ ಬೋಧಿಸಿದರು, 1973ರಲ್ಲಿ ತೀರಿಕೊಂಡರು. ಹೊರಗಿನ ಬದುಕು ಇಷ್ಟೇ, ಹೇಳಿಕೊಳ್ಳುವಂಥ ಏರಿಳಿತ ಅದರಲ್ಲಿಲ್ಲ. ಅವರ ಹೆಸರು ಉಳಿದಿರುವುದು ಬರಹಗಳಿಂದ ಮತ್ತು ಅವರು ತಯಾರಿಸಿದ ವಾಚಕಗಳು, ನಿಘಂಟು, ಶಬ್ದಪಟ್ಟಿಗಳಿಂದ.

ಅರ್ಧದಲ್ಲಿ ನಿಂತ ಓದಿನ ಬೆಲೆ

1926ರಲ್ಲಿ ಭಾರತ ಸರಕಾರದ ಶಿಕ್ಷಣ ಇಲಾಖೆಯ ವರದಿಯಾಗಿ ವೆಸ್ಟ್ ಅವರ ‘ಬೈಲಿಂಗ್ವಲಿಸಂ’ ಪ್ರಕಟವಾಯಿತು. ಬಂಗಾಳವನ್ನು ವಿಶೇಷವಾಗಿ ಗಮನದಲ್ಲಿ ಇರಿಸಿಕೊಂಡು ದ್ವಿಭಾಷಿಕತೆಯನ್ನು ಚರ್ಚಿಸುವ ಈ ಗ್ರಂಥದ ಮುಖ್ಯ ಪ್ರಶ್ನೆ, ಮಗುವಿಗೆ ಇಂಗ್ಲಿಷನ್ನು ಹೇಗೆ ಕಲಿಸಬೇಕು ಎಂಬುದಲ್ಲ. ಯಾವ ಮಗುವಿಗೆ, ಯಾವ ಉದ್ದೇಶಕ್ಕೆ, ಎಷ್ಟು ಇಂಗ್ಲಿಷ್ ಬೇಕು ಎಂಬುದೇ ಅದರ ಪ್ರಶ್ನೆ. ಆ ಕಾಲದ ಶಾಲೆಯ ಪಠ್ಯಕ್ರಮ, ಪ್ರತಿಯೊಬ್ಬ ವಿದ್ಯಾರ್ಥಿಯೂ ಮೆಟ್ರಿಕ್ಯುಲೇಷನ್ ಮುಟ್ಟುವನೆಂದು ಭಾವಿಸಿಕೊಂಡೇ ರಚಿತವಾಗಿತ್ತು. ಮೊದಲ ವರ್ಷಗಳು ಅಡಿಪಾಯಕ್ಕೆ. ಪ್ರಯೋಜನ ದೊರೆಯುವುದು ಕೊನೆಯ ವರ್ಷಗಳಲ್ಲಿ. ಆದರೆ ಕೊನೆಯ ವರ್ಷಗಳನ್ನು ಮುಟ್ಟುತ್ತಿದ್ದವರು ಎಷ್ಟು ಮಂದಿ?

ಬಿ.ಎಡ್. ಓದಿದ ಪ್ರತಿಯೊಬ್ಬರೂ ಹಾರ್ಟಾಗ್ ಸಮಿತಿಯ ಹೆಸರನ್ನು ಕೇಳಿರುತ್ತಾರೆ. 1929ರ ಆ ಸಮಿತಿಯ ವರದಿಯೇ ‘ಅಪವ್ಯಯ’ ಮತ್ತು ‘ಸ್ಥಗಿತತೆ’ ಎಂಬ ಎರಡು ಶಬ್ದಗಳನ್ನು ಭಾರತೀಯ ಶಿಕ್ಷಣಶಾಸ್ತ್ರದಲ್ಲಿ ನೆಲೆಗೊಳಿಸಿತು. 1922–23ರಲ್ಲಿ ಒಂದನೆಯ ತರಗತಿಯಲ್ಲಿದ್ದ ಪ್ರತಿ 100 ಮಕ್ಕಳಲ್ಲಿ 1925–26ರ ವೇಳೆಗೆ ನಾಲ್ಕನೆಯ ತರಗತಿಯಲ್ಲಿ ಉಳಿದಿದ್ದವರು 18 ಮಂದಿ ಮಾತ್ರ ಎಂದು ಅದು ತೋರಿಸಿತು. ಸಮಿತಿಯ ಅಧ್ಯಕ್ಷ ಫಿಲಿಪ್ ಹಾರ್ಟಾಗ್ ಅದಕ್ಕೆ ಮೊದಲು ಢಾಕಾ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಯಾಗಿದ್ದವರು. ಒಂದೇ ಊರಿನಲ್ಲಿ, ಒಂದೇ ದಶಕದಲ್ಲಿ, ಒಬ್ಬ ಆಡಳಿತಗಾರ ಹಾಗೂ ಒಬ್ಬ ಶಿಕ್ಷಕ ಇಬ್ಬರೂ ಬಿಟ್ಟುಹೋಗುವ ಮಗುವಿನ ಕುರಿತು ಯೋಚಿಸಿದರೆಂಬುದು ಗಮನಾರ್ಹ. ಹಾರ್ಟಾಗ್ ಸಮಿತಿ ಆ ಮಕ್ಕಳನ್ನು ನಷ್ಟದ ಲೆಕ್ಕಕ್ಕೆ ಬರೆಯಿತು. ವೆಸ್ಟ್ ಕೇಳಿದ್ದು ಬೇರೊಂದು ಪ್ರಶ್ನೆ: ಹೋಗುವ ಮಗು ತನ್ನೊಡನೆ ಏನನ್ನು ಒಯ್ಯುತ್ತದೆ?

ಇದಕ್ಕೆ ಅವರು ವಿಮಾ ವ್ಯವಹಾರದಿಂದ ಒಂದು ಪರಿಭಾಷೆಯನ್ನು ತಂದರು, ಸರೆಂಡರ್ ವ್ಯಾಲ್ಯೂ. ಜೀವವಿಮಾ ಪಾಲಿಸಿಯನ್ನು ಅವಧಿಗೆ ಮೊದಲೇ ನಿಲ್ಲಿಸಿದವನಿಗೆ ಕಟ್ಟಿದ ಕಂತುಗಳ ಲೆಕ್ಕದಲ್ಲಿ ಒಂದಿಷ್ಟು ಹಣ ಹಿಂದಿರುಗುತ್ತದೆ. ಶಾಲೆಯ ಪ್ರತಿಯೊಂದು ವಿಷಯಕ್ಕೂ ಇಂಥದೊಂದು ಮೌಲ್ಯವಿರಬೇಕೆಂಬುದು ವೆಸ್ಟ್ ಅವರ ವಾದ. ಎರಡು ವರ್ಷ ಗಣಿತ ಕಲಿತು ಬಿಟ್ಟವನಿಗೆ ಕೂಡಿಸುವುದು, ಕಳೆಯುವುದು ಬರುತ್ತದೆ. ಸಂತೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಎರಡು ವರ್ಷ ಇಂಗ್ಲಿಷ್ ಕಲಿತು ಬಿಟ್ಟವನಿಗೆ ಕೆಲವು ಕ್ರಿಯಾರೂಪಗಳು ಬಾಯಿಪಾಠವಾಗಿರುತ್ತವೆ, ಮಾತನಾಡಲು ಬಾರದು, ಓದಲು ಬಾರದು, ಹಿಂದಿರುಗಿದ್ದು ಸೊನ್ನೆ. ಆದ್ದರಿಂದ ಯಾವ ಕೌಶಲವು ಅತ್ಯಲ್ಪ ಕಾಲದಲ್ಲಿ ಕೈಗೆ ಹತ್ತುತ್ತದೆಯೋ, ಶಾಲೆ ಬಿಟ್ಟ ಮೇಲೂ ತಾನಾಗಿಯೇ ಬೆಳೆಯಬಲ್ಲದೋ, ಅದನ್ನು ಮೊದಲು ಕೊಡಬೇಕು. ಅವರ ಪ್ರಕಾರ ಅದು ಓದು. ಮಾತನಾಡಲು ಎದುರಿಗೆ ಇನ್ನೊಬ್ಬ ಬೇಕು, ಬಂಗಾಳದ ಹಳ್ಳಿಯಲ್ಲಿ ಇಂಗ್ಲಿಷ್ ಮಾತನಾಡುವ ಆ ಇನ್ನೊಬ್ಬ ಸಿಗುವುದಿಲ್ಲ. ಪುಸ್ತಕ ಮಾತ್ರ ಸಿಗಬಹುದು.

ಗಡಿನಾಡಿನ ಕನ್ನಡ ತರಗತಿಗೆ ಈ ಪರಿಕಲ್ಪನೆಯನ್ನು ತಾಳೆ ಹಾಕಿದರೆ ಅದರ ತೀಕ್ಷ್ಣತೆ ತಿಳಿಯುತ್ತದೆ. ಅಕ್ಕಲಕೋಟೆಯಲ್ಲಿಯೋ ಜತ್ತದಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಬಾಲಕಿ ಏಳನೆಯ ತರಗತಿಯ ಬಳಿಕ ಮರಾಠಿ ಮಾಧ್ಯಮಕ್ಕೆ ಹೋಗಬಹುದು. ತಾಳವಾಡಿಯವಳು ತಮಿಳಿಗೆ, ಮಡಕಶಿರದವಳು ತೆಲುಗಿಗೆ, ಎಲ್ಲಿಯವಳಾದರೂ ಇಂಗ್ಲಿಷಿಗೆ ಹೋಗಬಹುದು. ಶಾಲೆ ಬಿಡುವುದಿಲ್ಲ, ಕನ್ನಡವನ್ನು ಬಿಡುತ್ತಾಳೆ. ಆ ದಿನ ಅವಳು ಒಯ್ಯುವ ಕನ್ನಡದ ಬೆಲೆ ಏನು? ಹತ್ತನೆಯ ತರಗತಿಯ ಹಳಗನ್ನಡ ಪದ್ಯಕ್ಕೆ ಸಿದ್ಧತೆಯೆಂದು ಐದನೆಯ ತರಗತಿಯಲ್ಲಿ ಕಲಿಸಿದ ಸಂಧಿ, ಸಮಾಸಗಳ ಹೆಸರುಗಳೋ, ಒಂದು ಕನ್ನಡ ಪತ್ರಿಕೆಯನ್ನು ಯಾರ ನೆರವಿಲ್ಲದೆ ಓದಿ ತಿಳಿಯುವ ಶಕ್ತಿಯೋ? ಎರಡನೆಯದು ಕೈಗೂಡಿದ್ದರೆ ಅವಳ ಕನ್ನಡ ಉಳಿಯುತ್ತದೆ. ಮೊದಲನೆಯದು ಮಾತ್ರವಾದರೆ ಎರಡೇ ವರ್ಷಗಳಲ್ಲಿ ಅಳಿಸಿಹೋಗುತ್ತದೆ. ವ್ಯಾಕರಣ ಬೇಡವೆಂದು ಇದರ ಅರ್ಥವಲ್ಲ. ಯಾವುದು ಮೊದಲು ಎಂಬ ಪ್ರಶ್ನೆಗೆ ವೆಸ್ಟ್ ಒದಗಿಸುವ ಅಳತೆಗೋಲು ಇದು.

ವಾಚಕಗಳು

ಓದು ಮೊದಲೆಂದು ತೀರ್ಮಾನಿಸಿದ ಮೇಲೆ ವೆಸ್ಟ್ ಬಂಗಾಳದ ಶಾಲೆಗಳಲ್ಲಿದ್ದ ಇಂಗ್ಲಿಷ್ ವಾಚಕಗಳನ್ನು ಪರೀಕ್ಷಿಸಿದರು. ಅವರಿಗೆ ಎರಡು ದೋಷಗಳು ಕಂಡವು. ಮೊದಲನೆಯದು, ಹೊಸ ಶಬ್ದಗಳ ದಟ್ಟಣೆ. ಮಗು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಂದು ಕಲ್ಲನ್ನು ಎಡವುತ್ತಿತ್ತು. ಹಾಗಾಗಿ ಅದು ಓದುತ್ತಿರಲಿಲ್ಲ, ಅರ್ಥ ಬಿಡಿಸುತ್ತಿತ್ತು. ಎರಡನೆಯದು, ಆ ಹೊಸ ಶಬ್ದಗಳಲ್ಲಿ ಬಹಳಷ್ಟು ಕಾವ್ಯದವು, ಹಳೆಯವು, ಮತ್ತೊಮ್ಮೆ ಎದುರಾಗುವ ಸಂಭವವಿಲ್ಲದವು. ವೆಸ್ಟ್ ಅಂಥ ಶಬ್ದಗಳ ಜಾಗದಲ್ಲಿ ಬಳಕೆಯ ಶಬ್ದಗಳನ್ನಿಟ್ಟರು. ಹೊಸ ಶಬ್ದಗಳನ್ನು ವಿರಳವಾಗಿ ಹರಡಿದರು, ಒಮ್ಮೆ ಬಂದ ಶಬ್ದ ಮುಂದಿನ ಪುಟಗಳಲ್ಲಿ ಮತ್ತೆ ಮತ್ತೆ ಬರುವಂತೆ ನೋಡಿಕೊಂಡರು. ಹೀಗೆ ಸಿದ್ಧವಾದ ‘ನ್ಯೂ ಮೆಥಡ್’ ವಾಚಕಗಳನ್ನು 1920ರ ದಶಕದ ಕೊನೆಯಿಂದ ಲಾಂಗ್‌ಮನ್ಸ್ ಸಂಸ್ಥೆ ಪ್ರಕಟಿಸಿತು. ಬಂಗಾಳದಿಂದಾಚೆಗೆ ಏಷ್ಯಾ, ಆಫ್ರಿಕಾಗಳ ಶಾಲೆಗಳಿಗೂ ಅವು ಹೋದವು. ಇಂದು ‘ಹಂತಹಂತದ ವಾಚಕ’ಗಳೆಂದು ಎಲ್ಲ ಪ್ರಕಾಶಕರೂ ಹೊರತರುವ ಸರಣಿಗಳ ಮೂಲ ಇಲ್ಲಿದೆ.

ಕನ್ನಡ ಅಕ್ಷರಮಾಲೆಯ ಚಿತ್ರಪಟವನ್ನು ಒಮ್ಮೆ ವೆಸ್ಟ್ ಅವರ ಕಣ್ಣಿನಿಂದ ನೋಡಬಹುದು. ‘ಐ’ಗೆ ಐರಾವತ, ‘ಝ’ಗೆ ಝರಿ, ‘ಢ’ಗೆ ಢಕ್ಕೆ. ಮಹಾಪ್ರಾಣ ಅಕ್ಷರಗಳಿಗೆ ಚಿತ್ರ ಬರೆಯಬಹುದಾದ ದೇಸಿ ಶಬ್ದಗಳು ಸಿಗುವುದು ಕಷ್ಟವೆಂಬುದು ನಿಜ; ಪಟ ತಯಾರಿಸಿದವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಮಗು ಝರಿಯೆಂಬ ಶಬ್ದವನ್ನು ಮುಂದಿನ ಮೂರು ವರ್ಷಗಳಲ್ಲಿ ಎಷ್ಟು ಸಲ ಓದುತ್ತದೆ? ಕಾಸರಗೋಡಿನ ಮಗುವಿಗೆ ಮನೆಯ ಹಿಂದೆ ಹರಿಯುವುದು ತೋಡು. ಸೊಲ್ಲಾಪುರದ ಮಗುವಿಗೆ ಊರ ಹೊರಗೆ ಇರುವುದು ಹಳ್ಳ. ಅಕ್ಷರವನ್ನು ಕಲಿಸುವುದಕ್ಕೆಂದು ಬಂದ ಶಬ್ದ, ಅರ್ಥದ ಹೊರೆಯನ್ನೂ ಮಗುವಿನ ಮೇಲೆ ಹೊರಿಸಬಾರದು. ಅಂಥ ಅಕ್ಷರಗಳನ್ನು ಮೊದಲ ತಿಂಗಳುಗಳಲ್ಲಿ ಕೈಬಿಟ್ಟು, ಹೆಚ್ಚು ಬಳಕೆಯ ಅಕ್ಷರಗಳಿಂದ ಆರಂಭಿಸಿ ಕೂಡಲೇ ಸಣ್ಣ ವಾಕ್ಯಗಳಿಗೆ ಹೋಗುವ ಕ್ರಮವನ್ನು ಈಗಿನ ಕೆಲವು ಪಠ್ಯಗಳು ಅನುಸರಿಸುತ್ತಿರುವುದು ಇದೇ ತರ್ಕದಿಂದ.

ಪಾಠದ ಕೊನೆಯಲ್ಲಿರುವ ‘ಪದಗಳ ಅರ್ಥ’ದ ಭಾಗಕ್ಕೂ ವೆಸ್ಟ್ ಅವರಲ್ಲಿ ಪಾಠವಿದೆ. ಚೀನಾದಲ್ಲಿ ಕೆಲಸ ಮಾಡಿದ ಕೆನಡಾದ ಮಿಷನರಿ ಜೇಮ್ಸ್ ಎಂಡಿಕಾಟ್ ಅವರೊಡನೆ 1935ರಲ್ಲಿ ಅವರು ಒಂದು ನಿಘಂಟನ್ನು ಹೊರತಂದರು. ಅದರಲ್ಲಿ ಸುಮಾರು 24,000 ಶಬ್ದಗಳು ಮತ್ತು ನುಡಿಗಟ್ಟುಗಳಿಗೆ ವಿವರಣೆಯಿದೆ. ಅಷ್ಟಕ್ಕೂ ವಿವರಣೆ ಬರೆಯಲು ಬಳಸಿದ್ದು 1,490 ಶಬ್ದಗಳನ್ನು ಮಾತ್ರ. ಗೊತ್ತಿಲ್ಲದ ಶಬ್ದವನ್ನು ಗೊತ್ತಿರುವ ಶಬ್ದಗಳಿಂದಲೇ ವಿವರಿಸಬೇಕೆಂಬ ಸರಳ ನಿಯಮವನ್ನು ನಿಘಂಟಿನುದ್ದಕ್ಕೂ ಪಾಲಿಸಲಾಗಿತ್ತು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಶಬ್ದಗಳ ಮಿತಿಯಲ್ಲಿ ಎಲ್ಲ ಅರ್ಥಗಳನ್ನು ಬರೆದಾಗ ಈ ಕ್ರಮ ಮತ್ತೆ ಪ್ರಸಿದ್ಧಿಗೆ ಬಂತು. ಈಗ ಕಲಿಯುವವರ ಇಂಗ್ಲಿಷ್ ನಿಘಂಟುಗಳಲ್ಲಿ ಅದು ಸಾಮಾನ್ಯ ನಿಯಮ. ಕನ್ನಡ ಪಾಠಗಳಲ್ಲಿ ಇನ್ನೂ ‘ತರು’ ಎಂಬುದಕ್ಕೆ ‘ವೃಕ್ಷ’ ಎಂದೂ ‘ತೊರೆ’ ಎಂಬುದಕ್ಕೆ ‘ಝರಿ’ ಎಂದೂ ಅರ್ಥ ಬರೆದಿರುವುದನ್ನು ಕಾಣುತ್ತೇವೆ. ಮನೆಯಲ್ಲಿ ಕನ್ನಡವಿರುವ ಮಗು ಹೇಗೋ ದಾಟಿಕೊಳ್ಳುತ್ತದೆ. ಮನೆಯಲ್ಲಿ ತುಳು, ಮರಾಠಿ, ಮಲಯಾಳ ಇಲ್ಲವೆ ಬಡಗ ನುಡಿಯಿರುವ ಮಗುವಿಗೆ ಒಂದು ಬೀಗಕ್ಕೆ ಇನ್ನೊಂದು ಬೀಗವನ್ನು ಹಾಕಿದಂತಾಗುತ್ತದೆ.

ಎರಡು ಸಾವಿರ ಶಬ್ದಗಳು

ವೆಸ್ಟ್ ಅವರ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು 1953ರ ‘ಜನರಲ್ ಸರ್ವಿಸ್ ಲಿಸ್ಟ್’ನಿಂದ. ಇಂಗ್ಲಿಷಿನ ಅತ್ಯಂತ ಉಪಯುಕ್ತವಾದ ಸುಮಾರು 2,000 ಶಬ್ದಗಳ ಪಟ್ಟಿಯಿದು. ಇದರ ಹಿನ್ನೆಲೆ 1934ಕ್ಕೆ ಹೋಗುತ್ತದೆ. ಆ ವರ್ಷ ಕಾರ್ನೆಗಿ ನಿಧಿಯ ನೆರವಿನಿಂದ ನ್ಯೂಯಾರ್ಕಿನಲ್ಲಿ ಶಬ್ದಗಳ ಆಯ್ಕೆಯ ಕುರಿತ ಸಮ್ಮೇಳನ ನಡೆಯಿತು. ವೆಸ್ಟ್, ಪಾಮರ್, ಲಾರೆನ್ಸ್ ಫಾಸೆಟ್ ಮತ್ತು ಶಬ್ದಗಣನೆಯಲ್ಲಿ ಹೆಸರಾದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಒಂದೇ ಮೇಜಿನ ಸುತ್ತ ಕುಳಿತರು. ಓದು ಮೊದಲೋ ಮಾತು ಮೊದಲೋ ಎಂದು ಬೇರೆ ಬೇರೆ ದಾರಿ ಹಿಡಿದಿದ್ದವರು, ಎರಡಕ್ಕೂ ಒಂದು ಸಾಮಾನ್ಯ ಶಬ್ದಭಂಡಾರ ಬೇಕೆಂಬಲ್ಲಿ ಒಮ್ಮತಕ್ಕೆ ಬಂದರು. 1936ರಲ್ಲಿ ಮಧ್ಯಂತರ ವರದಿ ಪ್ರಕಟವಾಯಿತು. ಅದನ್ನು ಪರಿಷ್ಕರಿಸಿ, ಐವತ್ತು ಲಕ್ಷ ಶಬ್ದಗಳ ಬರಹದಿಂದ ತೆಗೆದ ಎಣಿಕೆಗಳನ್ನು ಸೇರಿಸಿ ವೆಸ್ಟ್ ಅಂತಿಮ ಪಟ್ಟಿಯನ್ನು ಸಂಪಾದಿಸಿದರು. ನಡುವೆ ಮಹಾಯುದ್ಧವೊಂದು ಬಂದುಹೋದದ್ದರಿಂದ ಇಷ್ಟು ವರ್ಷಗಳು ಹಿಡಿದವು.

ಸಿ. ಕೆ. ಆಗ್ಡೆನ್ 1930ರಲ್ಲಿ ಮುಂದಿಟ್ಟ 850 ಶಬ್ದಗಳ ‘ಬೇಸಿಕ್ ಇಂಗ್ಲಿಷ್’ಗೂ ಈ ಪಟ್ಟಿಗೂ ಇರುವ ಭೇದವನ್ನು ಗುರುತಿಸಬೇಕು. ಆಗ್ಡೆನ್ ಅವರದು ಮಿತಿಗೊಳಿಸಿದ, ತನ್ನಲ್ಲಿಯೇ ಪೂರ್ಣವಾದ ಒಂದು ಕೃತಕ ಭಾಷೆ. ಅದರಲ್ಲಿ ಕ್ರಿಯಾಪದಗಳು ಬೆರಳೆಣಿಕೆಯಷ್ಟೇ; ಉಳಿದುದನ್ನೆಲ್ಲ ಸುತ್ತಿ ಬಳಸಿ ಹೇಳಬೇಕು. ವೆಸ್ಟ್ ಅದನ್ನು ತೀವ್ರವಾಗಿ ವಿರೋಧಿಸಿದರು. ಶಬ್ದಗಳ ಸಂಖ್ಯೆ ಕಡಿಮೆಯಾದಷ್ಟೂ ಕಲಿಕೆ ಸುಲಭವಾಗುವುದಿಲ್ಲ, ಹೊರೆ ನುಡಿಗಟ್ಟುಗಳ ಮೇಲೆ ಬೀಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಅವರ ಪಟ್ಟಿ ಗುರಿಯಲ್ಲ, ಮೊದಲ ಮೆಟ್ಟಿಲು.

ಪಟ್ಟಿಯ ಎರಡು ಗುಣಗಳು ಕನ್ನಡ ಶಿಕ್ಷಕರಿಗೆ ವಿಶೇಷವಾಗಿ ಉಪಯುಕ್ತ. ಒಂದು, ಅದು ಶಬ್ದವನ್ನಷ್ಟೇ ಎಣಿಸದೆ ಒಂದೊಂದು ಶಬ್ದದ ಬೇರೆ ಬೇರೆ ಅರ್ಥಗಳು ಶೇಕಡ ಎಷ್ಟು ಬಾರಿ ಬರುತ್ತವೆ ಎಂಬುದನ್ನೂ ತೋರಿಸುತ್ತದೆ. ಕನ್ನಡದ ‘ಕಟ್ಟು’ ಎಂಬ ಧಾತುವನ್ನು ತೆಗೆದುಕೊಳ್ಳಬಹುದು. ಹಸುವನ್ನು ಕಟ್ಟುತ್ತಾರೆ, ಮನೆ ಕಟ್ಟುತ್ತಾರೆ, ಬುತ್ತಿ ಕಟ್ಟುತ್ತಾರೆ, ಫೀಸು ಕಟ್ಟುತ್ತಾರೆ, ಕಥೆ ಕಟ್ಟುತ್ತಾರೆ. ನೆಗಡಿಯಾದರೆ ಮೂಗು ಕಟ್ಟುತ್ತದೆ. ‘ಕಟ್ಟು’ ಬರುತ್ತದೆಯೇ ಎಂದು ಕೇಳಿದರೆ ಮಗು ಹೌದೆನ್ನುತ್ತದೆ. ಯಾವ ಕಟ್ಟು? ಹಸುವನ್ನು ಕಟ್ಟುವುದು ತಿಳಿದ ಮಗುವಿಗೆ ಕಥೆ ಕಟ್ಟುವುದು ಹೊಸ ಶಬ್ದವೇ ಸರಿ. ಪಾಠದಲ್ಲಿ ಹೊಸ ಶಬ್ದಗಳನ್ನು ಗುರುತಿಸುವಾಗ ಇಂಥ ಪರಿಚಿತ ಮುಖದ ಅಪರಿಚಿತರು ಶಿಕ್ಷಕರ ಕಣ್ಣನ್ನು ತಪ್ಪಿಸುತ್ತಾರೆ.

ಎರಡನೆಯದು, ಆಯ್ಕೆಗೆ ಬಳಕೆಯ ಪ್ರಮಾಣವೊಂದೇ ಸಾಲದೆಂದು ವೆಸ್ಟ್ ಸ್ಪಷ್ಟವಾಗಿ ಹೇಳಿದರು. ಕಲಿಯುವ ಶ್ರಮ ಎಷ್ಟು, ಬದಲಿ ಶಬ್ದವಿದೆಯೇ, ಈಗಾಗಲೇ ಕಲಿತ ಶಬ್ದವೊಂದು ಅದರ ಕೆಲಸವನ್ನು ಮಾಡಬಲ್ಲುದೇ, ಶಬ್ದದ ಶೈಲಿ ಸಾಮಾನ್ಯವೋ ವಿಶಿಷ್ಟವೋ ಎಂಬುದನ್ನೂ ತೂಗಬೇಕು. ‘ಸೂಜಿ’ ಅಚ್ಚಿನಲ್ಲಿ ಅಪರೂಪ, ಆದರೆ ಅದಕ್ಕೆ ಬದಲಿಯಿಲ್ಲ, ಬೇಕೇ ಬೇಕು. ‘ಮರ’ ಬಂದ ಮಗುವಿಗೆ ‘ತರು’ ತಡವಾಗಿ ಬಂದರೂ ನಷ್ಟವಿಲ್ಲ.

ಕಲಿಯುವ ಶ್ರಮದ ಮಾತು ಗಡಿನಾಡಿನಲ್ಲಿ ಊರಿಂದ ಊರಿಗೆ ಬದಲಾಗುತ್ತದೆ. ‘ಪುಸ್ತಕ’ ಸುತ್ತಲಿನ ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ, ಶ್ರಮವಿಲ್ಲ. ಆದರೆ ‘ಅವಸರ’ ಎಂಬ ಶಬ್ದವನ್ನು ನೋಡಿ. ಕನ್ನಡದಲ್ಲಿ ಅದು ಆತುರ. ತೆಲುಗಿನಲ್ಲಿ ಅಗತ್ಯ, ಮಲಯಾಳದಲ್ಲಿ ಅವಕಾಶ. ತಮಿಳಿನಲ್ಲಿ ಮಾತ್ರ ಕನ್ನಡಕ್ಕೆ ಸಮೀಪದ ತುರ್ತು. ಮಡಕಶಿರದ ಮಗು ‘ನನಗೆ ಅವಸರವಿಲ್ಲ’ ಎಂಬ ವಾಕ್ಯವನ್ನು ‘ನನಗೆ ಬೇಕಿಲ್ಲ’ ಎಂದು ಓದಿಕೊಂಡರೆ ಅದು ಮಗುವಿನ ದಡ್ಡತನವಲ್ಲ. ಎರಡು ಭಾಷೆಗಳನ್ನು ಬಲ್ಲ ಬುದ್ಧಿಯ ಸಹಜ ನಡೆ. ಮಲಯಾಳದಲ್ಲಿ ‘ಸಂಸಾರ’ವೆಂದರೆ ಮಾತುಕತೆ. ಕಾಸರಗೋಡಿನ ತರಗತಿಯಲ್ಲಿ ‘ಬಡ ಸಂಸಾರ’ ಎಂದು ಓದುವ ಮೊದಲು ಶಿಕ್ಷಕರು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಹೊರಗಿನಿಂದ ಬರುವ ಯಾವ ಪಟ್ಟಿಯೂ ಈ ಭೇದಗಳನ್ನು ಹಿಡಿಯಲಾರದು. ಆಯಾ ಊರಿನ ಶಿಕ್ಷಕರು ವರ್ಷವಿಡೀ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಹೋದರೆ ಮಾತ್ರ ಅದು ಸಿದ್ಧವಾದೀತು.

ಎಣಿಕೆಯ ವಿಷಯದಲ್ಲಿ ಇಂಗ್ಲಿಷಿಗಿಲ್ಲದ ಇನ್ನೊಂದು ತೊಡಕೂ ಕನ್ನಡಕ್ಕಿದೆ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳು, ಮನೆಯವರು, ಮನೆಯೊಳಗಿನಿಂದಲೇ. ಇವು ಒಂದು ಶಬ್ದವೋ ಏಳೋ? ದೊಡ್ಡವರಿಗೆ ಒಂದು. ಈಗಷ್ಟೇ ಓದಲು ಕಲಿಯುತ್ತಿರುವ, ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಕೊನೆಯದು ಒಂದು ಇಡೀ ವಾಕ್ಯದಷ್ಟು ಉದ್ದ. ಕನ್ನಡದ ವಾಚಕಗಳನ್ನು ಹಂತಕ್ಕೆ ತಕ್ಕಂತೆ ಬರೆಯುವವರು ಶಬ್ದಗಳ ಜೊತೆಗೆ ಪ್ರತ್ಯಯಗಳ ಸರಣಿಯನ್ನೂ ಹಂತಗೊಳಿಸಬೇಕಾಗುತ್ತದೆ. ಮೊದಲ ವರ್ಷ ‘ಮನೆಗೆ ಹೋದಳು’ ಸಾಕು, ‘ಹೊರಟುಹೋಗಬೇಕಾಗಿತ್ತು’ ಕಾಯಬಹುದು.

ವೆಸ್ಟ್ ಅವರ ಪಟ್ಟಿ ಹಳತಾಗಿದೆ. ಅದಕ್ಕೆ ಆಧಾರವಾದ ಬರಹಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವು. ಟೆಲಿವಿಷನ್, ಕಂಪ್ಯೂಟರುಗಳು ಅದರಲ್ಲಿಲ್ಲ. ಆದರೂ ಸಾಮಾನ್ಯ ಇಂಗ್ಲಿಷ್ ಬರಹದ ಸುಮಾರು ನೂರಕ್ಕೆ ಎಂಬತ್ತರಷ್ಟು ಭಾಗವನ್ನು ಆ 2,000 ಶಬ್ದಗಳೇ ತುಂಬುತ್ತವೆಂಬುದು ಮತ್ತೆ ಮತ್ತೆ ಕಂಡುಬಂದಿದೆ. 2000ದಲ್ಲಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಉನ್ನತ ಶಿಕ್ಷಣಕ್ಕೆ ಬೇಕಾದ 570 ಶಬ್ದಕುಟುಂಬಗಳ ಪಟ್ಟಿಯನ್ನು ಮಾಡಿದಾಗ, ವೆಸ್ಟ್ ಅವರ ಪಟ್ಟಿಯಲ್ಲಿ ಇಲ್ಲದವುಗಳನ್ನೇ ಆರಿಸಿದರು. 2013ರಲ್ಲಿ 27 ಕೋಟಿಗೂ ಮಿಕ್ಕ ಶಬ್ದಗಳ ಸಂಗ್ರಹದಿಂದ ಸಿದ್ಧವಾದ ಹೊಸ ಪಟ್ಟಿಯೂ ಹಳೆಯ ಹೆಸರನ್ನೇ ಇಟ್ಟುಕೊಂಡು ‘ನ್ಯೂ ಜನರಲ್ ಸರ್ವಿಸ್ ಲಿಸ್ಟ್’ ಎನಿಸಿತು.

ಒಪ್ಪಲಾಗದ ಒಂದು ಹಂಚಿಕೆ

ವೆಸ್ಟ್ ಅವರ ಚಿಂತನೆಯಲ್ಲಿ ಎಚ್ಚರಿಕೆಯಿಂದ ಓದಬೇಕಾದ ಭಾಗವೊಂದಿದೆ. ಚಿಕ್ಕ ಭಾಷೆಯ ಜನಕ್ಕೆ ಎರಡು ಭಾಷೆಗಳು ಅನಿವಾರ್ಯ. ತಾಯ್ನುಡಿ ಭಾವಕ್ಕೆ, ಮನೆಗೆ, ಆಪ್ತ ಬದುಕಿಗೆ. ದೊಡ್ಡ ಭಾಷೆ ತಿಳಿವಳಿಕೆಗೆ ಎಂಬ ಹಂಚಿಕೆಯ ಮೇಲೆ ಅವರ ಕಟ್ಟಡ ನಿಂತಿದೆ. ಬಂಗಾಳಿಯನ್ನು ಅವರು ಕೀಳಾಗಿ ಕಾಣಲಿಲ್ಲ. ಮಗುವಿನ ಭಾವಜೀವನಕ್ಕೆ ತಾಯ್ನುಡಿಯೇ ಆಧಾರವೆಂದು ಒತ್ತಿ ಹೇಳಿದರು. ಆ ಕಾಲದ ಇಂಗ್ಲಿಷ್ ಅಧಿಕಾರಿಯೊಬ್ಬರಿಂದ ಇದು ಸಣ್ಣ ಮಾತಲ್ಲ. ಪಟ್ಟಿಯ ಆಯ್ಕೆಯಲ್ಲಿ ಭಾವಸೂಚಕ ಶಬ್ದಗಳಿಗೆ ಅವರು ಕಡಿಮೆ ತೂಕ ಕೊಟ್ಟದ್ದೂ ಇದರಿಂದಲೇ: ಪರಭಾಷೆ ಕಲಿಯುವವನು ಮೊದಲು ವಿಷಯ ಹೇಳಲು ಕಲಿಯಲಿ, ಭಾವಕ್ಕೆ ಅವನ ಭಾಷೆ ಇದ್ದೇ ಇದೆ.

ಆದರೆ ಅದೇ ಬಂಗಾಳದಲ್ಲಿ ರವೀಂದ್ರನಾಥ ಠಾಕೂರರು 1892ರಷ್ಟು ಹಿಂದೆಯೇ ಬೇರೆ ಮಾತನ್ನು ಆಡಿದ್ದರು. ‘ಶಿಕ್ಷಾರ್ ಹೇರ್‌ಫೇರ್’ ಎಂಬ ಪ್ರಬಂಧದಲ್ಲಿ ಅವರು ವಿದ್ಯೆ ಮತ್ತು ಬದುಕು ಎರಡು ಬೇರೆ ಭಾಷೆಗಳಲ್ಲಿ ಹಂಚಿಹೋಗುವುದರ ಕೆಡುಕನ್ನು ತೋರಿಸಿದ್ದರು. ಕನ್ನಡದಲ್ಲಿಯೂ ಈ ಹಂಚಿಕೆಯನ್ನು ಒಪ್ಪದವರು ಕೈಕಟ್ಟಿ ಕುಳಿತಿರಲಿಲ್ಲ. ವೆಸ್ಟ್ ಢಾಕಾದಲ್ಲಿದ್ದ ಕಾಲಕ್ಕೆ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದ್ದರು. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ದಿನಗಳಲ್ಲಿಯೇ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಬರೆದರು. ತಿಳಿವಳಿಕೆಯನ್ನು ಹೊರಲಾರದ ಭಾಷೆ ಭಾವವನ್ನೂ ಬಹುಕಾಲ ಹೊರಲಾರದೆಂಬುದು ಇವರೆಲ್ಲರ ನಂಬಿಕೆಯಾಗಿತ್ತು. ಈ ವಿಷಯದಲ್ಲಿ ವೆಸ್ಟ್ ಅವರಿಗಿಂತ ಇವರೇ ಸರಿ.

ಈ ಹಂಚಿಕೆ ಗಡಿನಾಡಿನಲ್ಲಿ ಇಂದು ಮೂರು ಪಾಲಾಗಿದೆ. ಕನ್ನಡ ಮನೆಗೆ ಮತ್ತು ಹಾಡಿಗೆ, ರಾಜ್ಯಭಾಷೆ ಕಚೇರಿಗೆ, ಇಂಗ್ಲಿಷ್ ವಿದ್ಯೆಗೆ. ಕನ್ನಡ ತರಗತಿಯೂ ತನಗರಿವಿಲ್ಲದೆ ಇದನ್ನೇ ಗಟ್ಟಿಗೊಳಿಸುವುದುಂಟು. ಪದ್ಯ, ನೀತಿಕಥೆ, ಹಬ್ಬದ ಪ್ರಬಂಧ ಇಷ್ಟರಲ್ಲಿಯೇ ವರ್ಷ ಕಳೆಯುತ್ತದೆ. ಗ್ರಹಣ ಹೇಗಾಗುತ್ತದೆ, ಹಾವು ಕಚ್ಚಿದರೆ ಏನು ಮಾಡಬೇಕು, ಊರ ಕೆರೆಯ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮಗು ಕನ್ನಡದಲ್ಲಿ ಓದಿ ತಿಳಿದ ಅನುಭವವೇ ಇಲ್ಲದಿದ್ದರೆ, ಕನ್ನಡದಲ್ಲಿ ತಿಳಿಯಬೇಕಾದದ್ದು ಏನೂ ಇಲ್ಲವೆಂದೇ ಅದು ತೀರ್ಮಾನಿಸುತ್ತದೆ. ಇನ್ನೊಂದು ಕಡೆ, ಕನ್ನಡವೇ ಮನೆಮಾತಾದ ಮಕ್ಕಳಿಗೆ ವೆಸ್ಟ್ ಅವರ ಪಟ್ಟಿಯ ನಿಯಮವನ್ನು ಹಾಗೆಯೇ ಅನ್ವಯಿಸಿ ಭಾವದ ಶಬ್ದಗಳನ್ನು ಹಿಂದಕ್ಕೆ ತಳ್ಳಿದರೆ ಅದೂ ತಪ್ಪಾಗುತ್ತದೆ. ‘ಅಳು’, ‘ಮುನಿಸು’, ‘ಹಂಬಲ’ ಅವರ ಮೊದಲ ಶಬ್ದಗಳು. ಒಂದೇ ಕೊಠಡಿಯಲ್ಲಿ ಕನ್ನಡ ಮನೆಮಾತಿನವರೂ ಕನ್ನಡವನ್ನು ಶಾಲೆಯಲ್ಲಿಯೇ ಕಲಿತವರೂ ಕುಳಿತಿರುತ್ತಾರೆ. ಒಬ್ಬರಿಗೆ ಅದು ಮೊದಲ ಭಾಷೆ, ಇನ್ನೊಬ್ಬರಿಗೆ ಎರಡನೆಯದು. ವೆಸ್ಟ್ ಬರೆದದ್ದು ಎರಡನೆಯವರಿಗಾಗಿ ಎಂಬುದನ್ನು ಮರೆಯಬಾರದು.

ಕಠಿಣ ಪರಿಸ್ಥಿತಿಯ ತರಗತಿ

ಎಪ್ಪತ್ತು ದಾಟಿದ ಮೇಲೆ, 1960ರಲ್ಲಿ, ವೆಸ್ಟ್ ಒಂದು ಚಿಕ್ಕ ಪುಸ್ತಕವನ್ನು ಬರೆದರು. ಕಠಿಣ ಪರಿಸ್ಥಿತಿಗಳಲ್ಲಿ ಇಂಗ್ಲಿಷ್ ಬೋಧನೆ ಎಂಬುದು ಅದರ ವಿಷಯ. ಅವರು ವರ್ಣಿಸುವ ತರಗತಿಯಲ್ಲಿ ಮೂವತ್ತಕ್ಕೆ ಮಿಕ್ಕಿ, ಸಾಮಾನ್ಯವಾಗಿ ನಲವತ್ತು ಐವತ್ತು ಮಕ್ಕಳು, ಒತ್ತಾಗಿ ಹಾಕಿದ ಬೆಂಚುಗಳು, ಬೇರೆ ಬೇರೆ ಮಟ್ಟದವರು ಒಟ್ಟಿಗೆ, ಸೆಕೆ, ಕಲಿಸುವ ಭಾಷೆಯಲ್ಲಿ ಸ್ವತಃ ಸರಾಗವಾಗಿ ಮಾತನಾಡಲಾರದ ಶಿಕ್ಷಕ. ತರಬೇತಿ ಪುಸ್ತಕಗಳು ಸಾಮಾನ್ಯವಾಗಿ ಕಲ್ಪಿಸಿಕೊಳ್ಳುವ ಚೊಕ್ಕ ತರಗತಿಯನ್ನು ಬದಿಗಿಟ್ಟು ಇದ್ದುದನ್ನು ಇದ್ದಂತೆ ಬರೆದದ್ದೇ ಈ ಪುಸ್ತಕದ ದೊಡ್ಡ ಗುಣ. ಇಂಥ ತರಗತಿಗಳ ಅಧ್ಯಯನ ಇಂದು ಭಾಷಾಬೋಧನೆಯಲ್ಲಿ ಪ್ರತ್ಯೇಕ ಕ್ಷೇತ್ರವಾಗಿಯೇ ಬೆಳೆದಿದ್ದು, ಈ ಪುಸ್ತಕವನ್ನು ಅದು ತನ್ನ ಮೊದಲ ಗ್ರಂಥಗಳಲ್ಲಿ ಒಂದೆಂದು ಗಣಿಸುತ್ತದೆ.

ಪರಿಹಾರವನ್ನು ವೆಸ್ಟ್ ಸಲಕರಣೆಗಳಲ್ಲಿ ಹುಡುಕಲಿಲ್ಲ. ಲೆಕ್ಕ ಸರಳವಾಗಿತ್ತು. ನಲವತ್ತು ನಿಮಿಷದ ಅವಧಿ, ನಲವತ್ತು ಮಕ್ಕಳು. ಶಿಕ್ಷಕರು ಒಂದು ಮಾತನ್ನೂ ಆಡದಿದ್ದರೂ ಒಬ್ಬೊಬ್ಬರಾಗಿ ಎಬ್ಬಿಸಿದರೆ ಒಂದು ಮಗುವಿಗೆ ದೊರೆಯುವುದು ಒಂದು ನಿಮಿಷ. ಆದ್ದರಿಂದ ತರಗತಿಯನ್ನು ಗುಂಪುಗಳಾಗಿ ಒಡೆಯಬೇಕು, ಮುಂದಿರುವ ಮಕ್ಕಳನ್ನು ಗುಂಪಿನ ನಾಯಕರನ್ನಾಗಿ ಮಾಡಬೇಕು, ಮಗು ತಾನೇ ಓದಿ ಕಲಿಯುವಂತೆ ಪುಸ್ತಕವಿರಬೇಕು. ಭಾಷೆಯನ್ನು ಕಲಿಸುವುದಕ್ಕಿಂತ ಕಲಿಯಲು ಬಿಡುವುದು ಮುಖ್ಯವೆಂಬ ನಿಲುವು ಇದರ ಹಿಂದಿದೆ. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿಗಳನ್ನು ನಡೆಸುವ ಗಡಿನಾಡಿನ ಕನ್ನಡ ಶಿಕ್ಷಕರಿಗೆ ಇದರಲ್ಲಿ ಹೊಸತೇನೂ ಇಲ್ಲವೆನಿಸಬಹುದು. ಅನಿವಾರ್ಯತೆಯಿಂದ ಅವರು ಮಾಡುತ್ತಿರುವುದನ್ನೇ ವೆಸ್ಟ್ ವಿಧಾನವೆಂದು ಕರೆದರು.

ಅವರು ಆ ಪುಸ್ತಕದಲ್ಲಿ ಕೊಟ್ಟ ಒಂದು ಅಭ್ಯಾಸ ಮಾತ್ರ ಹೆಚ್ಚು ಪ್ರಚಾರ ಪಡೆಯಬೇಕಾದದ್ದು. ‘ಓದಿ ತಲೆಯೆತ್ತು’ ಎಂದು ಅದನ್ನು ಕರೆಯಬಹುದು. ಇಬ್ಬರು ಮಕ್ಕಳು ಎದುರುಬದುರಾಗಿ ಕುಳಿತುಕೊಳ್ಳುತ್ತಾರೆ. ಒಬ್ಬಳು ಪುಸ್ತಕವನ್ನು ಎದೆಯ ಮಟ್ಟದಲ್ಲಿ ಹಿಡಿದು ಒಂದು ವಾಕ್ಯವನ್ನು, ವಾಕ್ಯ ಉದ್ದವಾದರೆ ಅದರ ಒಂದು ತುಣುಕನ್ನು, ಮೌನವಾಗಿ ಓದುತ್ತಾಳೆ. ಬಳಿಕ ತಲೆಯೆತ್ತಿ, ಎದುರಿಗಿರುವವಳ ಮುಖ ನೋಡಿ, ಅದನ್ನು ಅವಳಿಗೆ ಹೇಳುವಂತೆ ಹೇಳುತ್ತಾಳೆ. ಕಣ್ಣು ಪುಸ್ತಕದ ಮೇಲಿರುವಾಗ ಬಾಯಿ ಆಡಕೂಡದು, ಇದೊಂದೇ ನಿಯಮ. ಸಾಮೂಹಿಕವಾಗಿ ರಾಗವೆಳೆದು ಓದುವ ಮಗು ಅರ್ಥವನ್ನು ಮುಟ್ಟದೆಯೇ ಪುಟವನ್ನು ದಾಟಬಲ್ಲದು. ಇಲ್ಲಿ ಅದು ಸಾಧ್ಯವಿಲ್ಲ. ತುಣುಕನ್ನು ಕಣ್ಣಿನಿಂದ ಬಾಯಿಗೆ ಒಯ್ಯುವ ಆ ಒಂದೆರಡು ಕ್ಷಣಗಳಲ್ಲಿ ಅದನ್ನು ಮನಸ್ಸಿನಲ್ಲಿ ಹಿಡಿದಿಡಬೇಕು, ಅರ್ಥವಾಗದ್ದನ್ನು ಮನಸ್ಸು ಹಿಡಿದಿಡುವುದಿಲ್ಲ. ಮೊದಲ ದಿನ ಮಕ್ಕಳು ಎರಡು ಶಬ್ದಗಳಿಗೇ ತಲೆಯೆತ್ತುತ್ತಾರೆ. ಕೆಲವು ವಾರಗಳಲ್ಲಿ ತುಣುಕು ತಾನಾಗಿಯೇ ಉದ್ದವಾಗುತ್ತದೆ. ಇದಕ್ಕೆ ಬೇಕಾದದ್ದು ಇಬ್ಬರಿಗೊಂದು ಪುಸ್ತಕ. ಮೂರನೆಯ ತರಗತಿಯವರಿಗೆ ಶಿಕ್ಷಕರು ಗಣಿತ ಹೇಳಿಕೊಡುತ್ತಿರುವ ಹೊತ್ತಿನಲ್ಲಿ ಐದನೆಯ ತರಗತಿಯವರು ಕೊಠಡಿಯ ಇನ್ನೊಂದು ಬದಿಯಲ್ಲಿ ಇದನ್ನು ನಡೆಸಬಹುದು. ಮನೆಯಲ್ಲಿ ಕನ್ನಡವಿರುವ ಮಗುವನ್ನು ಇಲ್ಲದ ಮಗುವಿನ ಜೊತೆ ಕೂರಿಸಿದರೆ ಕೇಳುವವಳೂ ಹೇಳುವವಳಷ್ಟೇ ಕಲಿಯುತ್ತಾಳೆ. ಹದಿನೈದು ನಿಮಿಷಕ್ಕೆ ಮಿಕ್ಕಿ ನಡೆಸಬಾರದು, ದಣಿಯುತ್ತಾರೆ.